ಮಂಡಿ ಊತಕ್ಕೆ ಮಾತ್ರೆ ಮೇಲೋ, ಜೆಲ್ ಮೇಲೋ?

ನನ್ನ ಬಲಮಂಡಿ ಆಗಾಗ ಊದಿಕೊಳ್ಳುತ್ತದೆ. ಕೀಲು ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಅವರನ್ನು ಕೇಳಿಕೊಂಡೇ ಒಂದೊಂದು ಸಲ ಒಂದೊಂದರಂತೆ ಪ್ಯಾರಸಿಟಮಾಲ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್, ಡೈಕ್ಲೊಫೆನಾಕ್ ಜೆಲ್ ಬಳಸಿ ನೋಡಿದ್ದೇನೆ. ನನ್ನ ಮಟ್ಟಿಗೆ ಜೆಲ್ಲೇ ಮೇಲು. ಯಾಕೆ ಅಂದರೆ, ಮೊದಲು ಊತ ಹೇಗೆ ಬರುತ್ತದೆ ನೋಡಬೇಕು.

ಜೀವಕೋಶಕ್ಕೆ ಪೆಟ್ಟಾದಾಗ ಅದರ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಹೊರಬರುತ್ತದೆ. ಕಾಕ್ಸ್ ಎಂಬ ಕಿಣ್ವದ ಕೆಲಸದಿಂದ ಅದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಆಗುತ್ತದೆ. ಇದು ರಕ್ತನಾಳ ಹಿಗ್ಗಿಸುತ್ತದೆ, ನೋವಿನ ನರಗಳನ್ನು ಕೆರಳಿಸುತ್ತದೆ. ಹಿಸ್ಟಮಿನ್, ಬ್ರಾಡಿಕೈನಿನ್ ಎಂಬ ಇನ್ನೆರಡು ರಾಸಾಯನಿಕಗಳು ಕೂಡ ಸೇರಿಕೊಂಡು ನಾಳದಿಂದ ನೀರು ಸೋರುವಂತೆ ಮಾಡುತ್ತವೆ. ಮುಟ್ಟಿದರೆ ಬಿಸಿ, ಮಡಚಿದರೆ ಬಿಗಿತ! ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ ಎಂದು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಆದರೆ ಕಾಕ್ಸ್‌ನಲ್ಲಿ ಎರಡು ಬಗೆ ಇವೆ. ಹೊಟ್ಟೆಯ ಒಳಪದರ ಕಾಯುವುದಕ್ಕೆ ಕಾಕ್ಸ್-1 ಬೇಕು. ಊತದ ಜಾಗದಲ್ಲಿ ಜಾಸ್ತಿಯಾಗುವುದು ಕಾಕ್ಸ್-2. ಐಬುಪ್ರೊಫೆನ್ ಎರಡನ್ನೂ ತಡೆಯುತ್ತದೆ. ಮಂಡಿ ಬೇಗ ಸಡಿಲವಾಯಿತು, ನಿಜ. ಆದರೆ ಊಟ ಆದಮೇಲೆ ನುಂಗಿದರೂ ಎದೆಯುರಿ ಬಿಡಲಿಲ್ಲ. ಅದಕ್ಕೆ ಅಂತ ಇನ್ನೊಂದು ಗ್ಯಾಸ್ ಮಾತ್ರೆ ಬೇರೆ.

ಎಟೊರಿಕಾಕ್ಸಿಬ್‌ನ ಗುರಿ ಹೆಚ್ಚಾಗಿ ಕಾಕ್ಸ್-2. 60 ಮಿಲಿಗ್ರಾಂನ ಒಂದು ಮಾತ್ರೆ ಇಡೀ ದಿನಕ್ಕೆ ಸಾಕಾಯಿತು. ನೋವು ತಗ್ಗಿಸುವುದರಲ್ಲಿ ನಾಲ್ಕರಲ್ಲಿ ಇದೇ ಜೋರು. ಹೊಟ್ಟೆಯೂ ತಣ್ಣಗಿತ್ತು. ಏರಿದ್ದು ಬಿಪಿ. ಇದೇ ಗುಂಪಿನ ರೋಫೆಕಾಕ್ಸಿಬ್‌ನಿಂದ ಹೃದಯಾಘಾತದ ಅಪಾಯ ಹೆಚ್ಚುತ್ತದೆ ಎಂದು 2004ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ವಾಪಸ್ ತೆಗೆದರು. ಬಿಪಿ ಇರುವವರು ಅಂಗಡಿಯಲ್ಲಿ ಸುಮ್ನೆ ಕೇಳಿ ತಂದು ನುಂಗುವ ಮಾತ್ರೆ ಇದಲ್ಲ.

ಡೈಕ್ಲೊಫೆನಾಕ್ ಕೂಡ ಎರಡೂ ಕಾಕ್ಸ್ ತಡೆಯುವಂಥದ್ದೇ. ಆದರೆ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಲ್ಲಿ ಸೇರುವುದರ ಸಣ್ಣ ಪಾಲು ಅಷ್ಟೆ. ಔಷಧ ಬಹುಪಾಲು ಮಂಡಿಯ ಸುತ್ತಲೇ ಉಳಿಯುತ್ತದೆ. ಚಿಪ್ಪಿನ ಸುತ್ತ, ಎರಡೂ ಪಕ್ಕಕ್ಕೆ ಮೆಲ್ಲಗೆ ತಿಕ್ಕಿ, ಅಂಟು ಆರುವವರೆಗೆ ಪ್ಯಾಂಟ್ ಮೇಲೆತ್ತಿಕೊಂಡು ಕೂರಬೇಕು. ಒಂದೇ ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಕೆಲವು ದಿನ ಬಿಡದೆ ಹಚ್ಚಿದ ಮೇಲೆ ಮೆಟ್ಟಿಲು ಇಳಿಯುವಾಗ ವ್ಯತ್ಯಾಸ ತಿಳಿಯಿತು. ಎದೆಯುರಿ ಇಲ್ಲ, ಬಿಪಿಯೂ ಅಲುಗಲಿಲ್ಲ. ಕೈಬೆರಳು, ಮಂಡಿಯಂಥ ಮೇಲ್ಮೈ ಕೀಲಿಗೆ ಇದು ಸರಿ. ಸೊಂಟದ ಕೀಲು ತುಂಬಾ ಆಳದಲ್ಲಿರುತ್ತದೆ, ಅಲ್ಲಿಗೆ ಜೆಲ್ ಹಚ್ಚಿ ಪ್ರಯೋಜನ ಕಡಿಮೆ.

ಪ್ಯಾರಸಿಟಮಾಲ್ ನೋವು ಸ್ವಲ್ಪ ತಗ್ಗಿಸಿತು, ಊತ ಮಾತ್ರ ಹಾಗೇ ಇತ್ತು. ಅದರ ಕೆಲಸ ಹೆಚ್ಚಾಗಿ ಮೆದುಳು, ನರಗಳ ಮಟ್ಟದಲ್ಲಿ, ಊತದ ಜಾಗದಲ್ಲಿ ಅಲ್ಲ. ಹಾಗಂತ ಅದನ್ನು ಕಡೆಗಣಿಸಬೇಡಿ. ಮಳೆಗಾಲದಲ್ಲಿ ಜ್ವರದ ಜೊತೆ ಮೈಕೈ ನೋವು ಬಂದರೆ ಡೆಂಗ್ಯೂ ಇರಬಹುದು ಅಲ್ವಾ? ಆಗ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ರಕ್ತ ಪರೀಕ್ಷೆ ಆಗುವವರೆಗೆ ಪ್ಯಾರಸಿಟಮಾಲ್ ಒಂದೇ ಸರಿ.