ಕುಂಟುವ ನಾಯಿ ಇದ್ದರೆ ಈ ಕ್ಲಿನಿಕ್‌ಗೆ ಹೋಗಿ, ಭಾನುವಾರ ಮಾತ್ರ ಬೇಡ

ನಮ್ಮ ಪಿಂಕಿ ಪೊಮೇರಿಯನ್. ಓಡುತ್ತಾ ಓಡುತ್ತಾ ಹಿಂದಿನ ಎಡಗಾಲು ಮೇಲೆತ್ತಿ ನಾಲ್ಕು ಹೆಜ್ಜೆ ಕುಪ್ಪಳಿಸುತ್ತಿದ್ದಳು. ಆಮೇಲೆ ಕಾಲು ಝಾಡಿಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಓಟ. ಮೊದಲು ತೋರಿಸಿದ ಕಡೆ ಕಾಲು ಮುಟ್ಟಿಯೂ ನೋಡದೆ ನೋವಿನ ಇಂಜೆಕ್ಷನ್ ಹಾಕಿ ಕಳಿಸಿದ್ದರು.

ಇಲ್ಲಿನ ಡಾಕ್ಟರ್ ಮೇಡಂ ಟೇಬಲ್ ಹತ್ತಿಸುವ ಮುಂಚೆ ಅಂಗಳದಲ್ಲಿ ನಡೆಸಿ ನೋಡಿದರು. ಮನೆಯಲ್ಲಿ ತೆಗೆದ ವಿಡಿಯೋ ಇದೆಯಾ ಅಂತ ಕೇಳಿದರು. ನೀವೂ ಒಂದು ತೆಗೆದುಕೊಂಡೇ ಹೋಗಿ. ಕ್ಲಿನಿಕ್ ವಾಸನೆ ಬಂದರೆ ಸಾಕು, ಕೆಲವು ನಾಯಿಗಳು ಭಯಕ್ಕೆ ಕುಂಟೋದನ್ನೇ ಮರೀತವೆ!

ಪರೀಕ್ಷೆ ಶುರುವಾಗಿದ್ದು ಪಾದದಿಂದ. ಬೆರಳ ಸಂದಿಯಲ್ಲಿ ಮುಳ್ಳು, ಗಾಜು ಇದೆಯಾ, ಉಗುರು ಸೀಳಿದೆಯಾ ಅಂತ ನೋಡಿದರು. ಆಮೇಲೆ ಮಂಡಿ, ಸೊಂಟದ ಕೀಲು. ಎರಡೂ ತೊಡೆ ಹಿಡಿದು ಯಾವುದು ಸೊರಗಿದೆ ಅಂತ ಹೋಲಿಸಿದರು. ನಾಯಿ ಒಂದು ಕಾಲಿನ ಮೇಲೆ ತುಂಬಾ ದಿನ ಭಾರ ಹಾಕದಿದ್ದರೆ ಅಲ್ಲಿನ ಮಾಂಸ ಇಳಿಯುತ್ತದಂತೆ. ಕೊನೆಗೆ ಮಂಡಿಚಿಪ್ಪನ್ನು ಬೆರಳಿನಿಂದ ಒಳಗಡೆಗೆ ತಳ್ಳಿದರು. ಟಕ್ ಅಂತ ಜಾರಿತು. ಕಾಲು ನೇರಕ್ಕೆ ಚಾಚಿದ ಮೇಲೆ ಜಾಗಕ್ಕೆ ಬಂತು. ಮಂಡಿಚಿಪ್ಪು ಜಾರುವ ತೊಂದರೆಯ ನಾಲ್ಕು ಗ್ರೇಡ್‌ನಲ್ಲಿ ಇದು ಎರಡನೆಯದು, ಸಣ್ಣ ತಳಿಗಳಲ್ಲಿ ಮಾಮೂಲಿ ಅಂದರು.

ಆಪರೇಷನ್ ಅಂತ ಹೆದರಿಸಲಿಲ್ಲ. ತೂಕ ಇಳಿಸಿ, ಸೋಫಾ ಹಾರಲು ಬಿಡಬೇಡಿ, ಟೈಲ್ಸ್ ಮೇಲೆ ಜಾರದ ಮ್ಯಾಟ್ ಹಾಸಿ, ಕುಂಟೋದು ಜಾಸ್ತಿಯಾದರೆ ಆಪರೇಷನ್ ಯೋಚಿಸೋಣ ಅಂದರು. ಪಿಂಕಿಯ ಬಿಸ್ಕತ್ತು ನಿಂತಿದ್ದಕ್ಕೆ ನಮ್ಮ ಅತ್ತೆಗೆ ಇನ್ನೂ ಬೇಜಾರು.

ನಮ್ಮ ಪಕ್ಕ ಕೂತಿದ್ದ ದಪ್ಪ ಲ್ಯಾಬ್ರಡಾರ್ ಹಿಂದಿನ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿತ್ತು. ಅದರದು ಮಂಡಿಯೊಳಗಿನ ಲಿಗಮೆಂಟ್ ಹರಿದ ಕೇಸು, ಆಪರೇಷನ್‌ಗೆ ಬರೆದುಕೊಟ್ಟರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳು ಮೊಲದ ಥರ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡಿದರೆ ಸೊಂಟದ ಕೀಲು ತೋರಿಸಬೇಕಂತೆ. ಜ್ವರ ಇದ್ದು, ಊಟ ಬಿಟ್ಟು, ಇವತ್ತು ಈ ಕಾಲು ನಾಳೆ ಆ ಕಾಲು ಕುಂಟಿದರೆ ಉಣ್ಣಿ ಹುಳ ಕಚ್ಚಿ ಬರುವ ಜ್ವರ ಇರಬಹುದು, ರಕ್ತ ಪರೀಕ್ಷೆ ಬೇಕು. ಹಿಂಗಾಲು ಎರಡೂ ಎಳೆಯುತ್ತಿದ್ದರೆ ಬೆನ್ನುಹುರಿಯ ತೊಂದರೆ ಇರಬಹುದು, ಆಗ ಒಂದು ದಿನವೂ ಕಾಯಬೇಡಿ. ಮನುಷ್ಯರ ನೋವಿನ ಮಾತ್ರೆಯಂತೂ ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ.

ದೂರುಗಳೂ ಇವೆ. ಕುಂಟುವ ನಾಯಿಗಳು ಬರುವ ಜಾಗದಲ್ಲಿ ಕಾಯುವ ಕೋಣೆಗೆ ಪಳಪಳ ಟೈಲ್ಸ್ ಯಾಕೆ ಹಾಕಿದರೋ! ಟೋಕನ್ ಇಲ್ಲ, ಭಾನುವಾರ ಬೆಳಿಗ್ಗೆ ಜಾತ್ರೆ. ಫೀಸು 400, ಎಕ್ಸ್‌ರೇಗೆ ಬೇರೆ 900 ರೂಪಾಯಿ. ನಮಗೆ ಎಕ್ಸ್‌ರೇ ಬೇಡ ಅಂತ ಅವರೇ ಹೇಳಿದರು. ನಾಲ್ಕು ಸ್ಟಾರ್.