ಚಳಿಗೆ ನಡುಗುವ ಡೀಸೆಲ್ ಕಾರು: ಹೊಸ ಬ್ಯಾಟರಿಯೋ, ಹೊಸ ಗ್ಲೋ ಪ್ಲಗ್ಗೋ?

ಡಿಸೆಂಬರ್ ಬಂತೆಂದರೆ ಮಡಿಕೇರಿ, ಸೋಮವಾರಪೇಟೆ ಕಡೆ ಬೆಳಗಿನ ಆರಕ್ಕೆ ಹತ್ತು-ಹನ್ನೆರಡು ಡಿಗ್ರಿ ಚಳಿ. ರಾತ್ರಿಯಿಡೀ ಶೆಡ್ಡಿನಲ್ಲಿದ್ದ ಡೀಸೆಲ್ ಕಾರು ಹಿಡಿಯಲು ಸತಾಯಿಸುತ್ತದೆ. ಹಿಡಿದ ಮೇಲೂ ಅರ್ಧ ನಿಮಿಷ ಗಡಗಡ ನಡುಗಿ ಬಿಳಿ ಹೊಗೆ ಉಗುಳುತ್ತದೆ. ಯಾರನ್ನು ಕೇಳಿದರೂ ಮೊದಲ ಮಾತು ‘ಬ್ಯಾಟರಿ ಬದಲಿಸಿ’. ಎರಡನ್ನೂ ಹಾಕಿ ನೋಡಿದ ಮೇಲೆ ನನ್ನ ಓಟು ಗ್ಲೋ ಪ್ಲಗ್ಗಿಗೆ, ಅಂದರೆ ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರಿನ ಒಳಗನ್ನು ಕಾಯಿಸುವ ಪುಟ್ಟ ಹೀಟರಿಗೆ.

ದುಡ್ಡು ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ. ಸ್ಟಾರ್ಟರ್ ಎಳೆದೆಳೆದು ನಿಧಾನಕ್ಕೆ ತಿರುಗಿದರೆ ಬ್ಯಾಟರಿ ಅಥವಾ ಕೇಬಲ್ ಕಡೆ ನೋಡಿ. ಚುರುಕಾಗಿ ತಿರುಗಿಯೂ ಹಿಡಿಯದೆ, ಆಮೇಲೆ ಎರಡು-ಮೂರು ಸಿಲಿಂಡರಿನಲ್ಲಿ ಕುಂಟುತ್ತ ಓಡಿದರೆ ಗ್ಲೋ ಪ್ಲಗ್. ತಕ್ಷಣ ಹಿಡಿದು ಕೆಲವು ಸೆಕೆಂಡಿಗೆ ಆಫ್ ಆದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದೆ. ಅಂಥದಕ್ಕೆ ಇವೆರಡೂ ಮದ್ದಲ್ಲ, ಫಿಲ್ಟರ್ ಮತ್ತು ಪೈಪಿನ ಜಾಯಿಂಟ್ ನೋಡಬೇಕು.

ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಎಂಟರಲ್ಲಿ ಒಂದು ಪಾಲು ಕಡಿಮೆ. ತೆಳು ಗಾಳಿ, ತಣ್ಣಗಿನ ಎಂಜಿನ್ ಬ್ಲಾಕ್ ಎರಡೂ ಸೇರಿ ಕಂಪ್ರೆಶನ್ ಶಾಖವನ್ನು, ಅಂದರೆ ಗಾಳಿಯನ್ನು ಒತ್ತಿದಾಗ ಹುಟ್ಟಿ ಡೀಸೆಲ್ ಹೊತ್ತಿಸುವ ಬಿಸಿಯನ್ನು, ತಿಂದುಹಾಕುತ್ತವೆ. ಆ ಕೊರತೆ ತುಂಬುವುದು ಗ್ಲೋ ಪ್ಲಗ್. ಭಾರಿ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಹೊಸ ಕಾಮನ್ ರೈಲ್ ಎಂಜಿನ್ನುಗಳು ಪ್ಲಗ್ ಸತ್ತಿದ್ದರೂ ಹತ್ತು ಡಿಗ್ರಿಯಲ್ಲಿ ಸ್ಟಾರ್ಟ್ ಆಗಿಬಿಡುತ್ತವೆ. ಹಾಗಾಗಿಯೇ ವರ್ಷಗಟ್ಟಲೆ ಯಾರೂ ಪ್ಲಗ್ಗಿನ ಕಡೆ ತಲೆ ಹಾಕುವುದಿಲ್ಲ. ಡ್ಯಾಶ್‌ಬೋರ್ಡಿನ ಸುರುಳಿ ದೀಪವನ್ನೂ ನಂಬಬೇಡಿ. ಅದು ಬಹಳಷ್ಟು ಕಾರುಗಳಲ್ಲಿ ಟೈಮರ್ ಲೆಕ್ಕಕ್ಕೆ ಆರುತ್ತದೆ, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಪ್ಲಗ್ ಮೇಲಿನ ವೈರ್ ಬಿಚ್ಚಿ, ಮೀಟರನ್ನು 200 ಓಮ್‌ಗೆ ಇಟ್ಟು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ಬರುವ 0.2-0.3 ಅನ್ನು ಮುಂದಿನ ಲೆಕ್ಕದಿಂದ ಕಳೆಯಿರಿ. ಆಮೇಲೆ ಪ್ಲಗ್ಗಿನ ಮೇಲ್ತುದಿಯಿಂದ ಎಂಜಿನ್ ಬ್ಲಾಕಿಗೆ ಅಳೆಯಿರಿ. ಒಂದು ಓಮ್ ಆಸುಪಾಸು ಬಂದರೆ ಜೀವ ಇದೆ, ಮೀಟರ್ ‘OL’ ಅಥವಾ ಎಡಬದಿಯಲ್ಲಿ ಬರೀ ‘1’ ತೋರಿಸಿದರೆ ಸತ್ತಿದೆ. ಸಿಲಿಂಡರಿಗೊಂದರಂತೆ ಇರುವ ನಾಲ್ಕೂ ಸರಿಯಿದ್ದರೆ ಪ್ಲಗ್ಗಿಗೆ ಕರೆಂಟ್ ಬಿಡುವ ರಿಲೇ ಮತ್ತು ದೊಡ್ಡ ಫ್ಯೂಸ್ ನೋಡಿ.

ನಿಜವಾದ ತಲೆನೋವು ಬಿಚ್ಚುವುದರಲ್ಲಿದೆ. ಕೊಡಗಿನ ಮಳೆಗಾಲದ ತೇವ, ಮೇಲಿಂದ ವಾಟರ್ ಸರ್ವಿಸಿನ ಪ್ರೆಶರ್ ನೀರು. ಪ್ಲಗ್ ಕೂತ ಗುಂಡಿಯಲ್ಲಿ ನೀರು ನಿಂತು ಸ್ಕ್ರೂ ಎಳೆಗೆ ತುಕ್ಕು ಹಿಡಿದಿರುತ್ತದೆ, ಒಳಗಿನ ತುದಿಗೆ ಮಸಿ ಗಟ್ಟಿ ಕಟ್ಟಿರುತ್ತದೆ. ತಣ್ಣಗಿನ ಎಂಜಿನ್ನಿಗೆ ಪಾನಾ ಹಾಕಿ ಜಗ್ಗಿದರೆ ಪ್ಲಗ್ ಹೆಡ್ಡಿನೊಳಗೇ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೇ, ಮುರಿಯುತ್ತದೆ. ಆಮೇಲೆ ಡ್ರಿಲ್ ಮಾಡಿ ತೆಗೆಯಬೇಕು, ಕೈಗೂಡದಿದ್ದರೆ ಹೆಡ್ಡೇ ಇಳಿಸಬೇಕು. ಆ ಖರ್ಚಿನಲ್ಲಿ ಬ್ಯಾಟರಿ ಬಂದು ಇನ್ನೂ ದುಡ್ಡು ಮಿಗುತ್ತದೆ.

ಹಿಂದಿನ ರಾತ್ರಿಯೇ ಗುಂಡಿಯ ಕಸ ಊದಿ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಒಂದು ರೌಂಡ್ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ. ಉದ್ದನೆಯ ಸಾಕೆಟ್ ಹಾಕಿ ಕಾಲು ಸುತ್ತು ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಎಂ10 (10 ಮಿ.ಮೀ. ಎಳೆಯ) ಪ್ಲಗ್ಗಾದರೆ 35 ನ್ಯೂಟನ್ ಮೀಟರ್, ಎಂ8 ಆದರೆ 20, ಅದಕ್ಕಿಂತ ಹೆಚ್ಚು ಬಲ ಬೇಡ. ಜಗ್ಗದಿದ್ದರೆ ಆ ದಿನಕ್ಕೆ ಕೈಬಿಟ್ಟು ಮತ್ತೆ ಎಣ್ಣೆ ಬಿಡಿ. ಗ್ಯಾರೇಜಿನಲ್ಲಿ ಮಾಡಿಸುವವರು ‘ಬಿಸಿ ಎಂಜಿನ್ನಿನಲ್ಲೇ ಬಿಚ್ಚಿ’ ಎಂದು ಬಾಯಿಬಿಟ್ಟು ಹೇಳಿ. ಗಡಿಬಿಡಿಯ ಹುಡುಗರಿಗೆ ಇಷ್ಟು ತಾಳ್ಮೆ ಇರುವುದಿಲ್ಲ.

ಇನ್ನು ಬ್ಯಾಟರಿ. ರಾತ್ರಿ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ. ತುಂಬಿದ ಬ್ಯಾಟರಿಯೂ ಕ್ರ್ಯಾಂಕ್ ಮಾಡುವಾಗ (ಸ್ಟಾರ್ಟರ್ ತಿರುಗಿಸುವಾಗ) 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬದಲಿಸಲೇಬೇಕು, ಆಗ ಪ್ಲಗ್ ಹಾಕಿ ಪ್ರಯೋಜನವಿಲ್ಲ. ಅದಕ್ಕೂ ಮೊದಲು ಅರ್ಥ್ ಕೇಬಲ್ ನೋಡಿ. ಬ್ಯಾಟರಿಯ ನೆಗೆಟಿವ್‌ನಿಂದ ಬ್ಲಾಕಿಗೆ ಮೀಟರ್ ಇಟ್ಟು ಕ್ರ್ಯಾಂಕ್ ಮಾಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಿಲುಬು ಹಿಡಿದಿದೆ. ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ, ವ್ಯಾಸಲಿನ್ ಸವರಿ ಬಿಗಿ ಮಾಡಿ. ಖರ್ಚು ಇಲ್ಲವೆಂದೇ ಹೇಳಬೇಕು.

ತೆಳು ಎಂಜಿನ್ ಆಯಿಲ್: ಕಂಪನಿ ಪುಸ್ತಕ ಒಪ್ಪಿದರೆ ಮಾತ್ರ, ಕ್ರ್ಯಾಂಕ್ ಹಗುರಾಗುತ್ತದೆ ಅಷ್ಟೆ.

ಸ್ಟಾರ್ಟಿಂಗ್ ಸ್ಪ್ರೇ: ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಬೇಡವೇ ಬೇಡ. ಕೆಂಪಗೆ ಕಾದ ಪ್ಲಗ್ಗಿಗೆ ಸ್ಪ್ರೇಯಲ್ಲಿರುವ ಈಥರ್ ತಾಗಿದರೆ ಪಿಸ್ಟನ್, ರಿಂಗು ಹಾಳು.

ನನ್ನ ಲೆಕ್ಕ ಹೀಗೆ. ಕಾಫಿ ಕೊಯ್ಲಿನ ಮೂರು ತಿಂಗಳು ಬೆಳ್ಳಂಬೆಳಿಗ್ಗೆ ಗಾಡಿ ಬೇಕು, ಓಡಾಟ ಮಾತ್ರ ಲೈನ್ ಮನೆಯಿಂದ (ಕೆಲಸಗಾರರ ಸಾಲುಮನೆ) ತೋಟಕ್ಕೆ, ತಪ್ಪಿದರೆ ಗೋಣಿಕೊಪ್ಪಕ್ಕೆ. ಇಷ್ಟು ಸಣ್ಣ ಓಟಕ್ಕೆ ಎಂಥ ದುಬಾರಿ ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಪ್ಲಗ್ ಸರಿಯಿದ್ದರೆ ಎಂಜಿನ್ ಬೇಗ ಹಿಡಿಯುತ್ತದೆ, ಹಳೆಯ ಬ್ಯಾಟರಿಗೂ ಹೊರೆ ಕಡಿಮೆ. ತಿಂಗಳಿಗೊಂದು ರಾತ್ರಿ ಚಾರ್ಜರ್ ಹಾಕಿದರೆ ಇನ್ನೊಂದು ಸೀಸನ್ ಎಳೆಯಬಹುದು. ದಿನಾ ಮೈಸೂರಿಗೆ ಹೋಗಿಬರುವವರ ಬ್ಯಾಟರಿ ತಾನಾಗಿ ತುಂಬುತ್ತದೆ, ಅವರ ಲೆಕ್ಕ ಬೇರೆ.

ಕೊಳ್ಳುವಾಗ ನಾಲ್ಕನ್ನೂ ಒಟ್ಟಿಗೆ ಕೊಳ್ಳಿ, ಹಳೆಯ ಪ್ಲಗ್ಗಿನ ಮೇಲೆ ಕೊರೆದ ವೋಲ್ಟೇಜ್ ಓದಿಕೊಂಡು ಹೋಗಿ. 11 ವೋಲ್ಟಿನದೂ ಇದೆ, 5 ವೋಲ್ಟಿನೊಳಗಿನದೂ ಇದೆ. ಎರಡನೆಯದನ್ನು ‘ಚೆಕ್ ಮಾಡ್ತೀನಿ’ ಎಂದು ನೇರ ಬ್ಯಾಟರಿಗೆ ತಾಗಿಸಿದರೆ ಹೊಸ ಪ್ಲಗ್ ಕೌಂಟರಿನ ಮೇಲೇ ಸುಟ್ಟುಹೋಗುತ್ತದೆ.