ಬಳಸದ ಕ್ರೆಡಿಟ್ ಕಾರ್ಡ್: ಇಟ್ಟುಕೊಳ್ಳುವುದೋ, ಮುಚ್ಚಿಸುವುದೋ?

ವಾರ್ಷಿಕ ಶುಲ್ಕದ ಕಾರ್ಡನ್ನು ಬೀರುವಿನಲ್ಲಿಟ್ಟರೂ ಶುಲ್ಕ ತಪ್ಪದು: ₹500ಕ್ಕೆ 18% ಜಿಎಸ್‌ಟಿ ಸೇರಿ ₹590. ಕಟ್ಟದೆ ಬಿಟ್ಟರೆ ತಡಪಾವತಿ ಶುಲ್ಕ, ಬಡ್ಡಿ ಬೆಳೆದು ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಸ್ಕೋರ್ ಕೂಡ ಕುಸಿಯುತ್ತದೆ. ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎನ್ನುವ ಕಾರ್ಡಿಗೂ, ಆ ಗುರಿ ಮುಟ್ಟದವರಿಗೆ ಇದೇ ಲೆಕ್ಕ. ಮುಚ್ಚಿಸಿಬಿಡಿ.

ಲೈಫ್‌ಟೈಮ್ ಫ್ರೀ ಕಾರ್ಡ್ ಇರಲಿ. ಎಲ್ಲ ಕಾರ್ಡುಗಳ ಒಟ್ಟು ಮಿತಿ ದೊಡ್ಡದಿದ್ದಷ್ಟೂ ಅದರಲ್ಲಿ ಬಳಸಿದ ಪಾಲು ಚಿಕ್ಕದಾಗಿ, ಸ್ಕೋರಿಗೆ ಒಳ್ಳೆಯದು. ಆದರೆ ವರ್ಷಕ್ಕೂ ಹೆಚ್ಚು ಬಳಸದಿದ್ದರೆ, ಆರ್‌ಬಿಐ ನಿಯಮದಂತೆ ಬ್ಯಾಂಕ್ ನಿಮಗೆ ತಿಳಿಸುತ್ತದೆ. 30 ದಿನದೊಳಗೆ ಉತ್ತರಿಸದಿದ್ದರೆ ಕಾರ್ಡ್ ಖಾತೆ ಮುಚ್ಚುತ್ತದೆ. ಆರು ತಿಂಗಳಿಗೊಮ್ಮೆ ದಿನಸಿಗೆ ಉಜ್ಜಿದರೂ ಸಾಕು. ಬೆಸ್ಕಾಂ ಬಿಲ್ ಕಟ್ಟುವುದಾದರೆ ಆ್ಯಪ್ ಹೆಚ್ಚುವರಿ ಶುಲ್ಕ ಹಾಕುತ್ತದೆಯೇ ನೋಡಿ.

ಮುಚ್ಚಿಸುವವರು ಮೊದಲು ಆಟೋಪೇ ರದ್ದುಮಾಡಿ, ಬಾಕಿ ತೀರಿಸಿ, ಮನವಿಯನ್ನು ಇಮೇಲ್‌ನಲ್ಲೇ ಕಳಿಸಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕೇ ನಿಮಗೆ ದಿನಕ್ಕೆ ₹500 ಕೊಡಬೇಕು.